ಡಿಸ್ಚಾರ್ಜ್ ಆದ ಮರುದಿನದಿಂದ

ದಕ್ಷಿಣ ಕನ್ನಡ ಜಿಲ್ಲೆ ಒಂದರಲ್ಲೇ ಎಂಟು ಖಾಸಗಿ ಮೆಡಿಕಲ್ ಕಾಲೇಜುಗಳಿವೆ. ಅದರಲ್ಲಿ ಒಂದು ಸುಳ್ಯದಂಥ ಸಣ್ಣ ಪೇಟೆಯಲ್ಲಿದೆ. ಉಡುಪಿಯವರಿಗೆ ಮಣಿಪಾಲ ಇದೆ, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಇದೆ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಇದೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಇದೆ. ಮನೋವೈದ್ಯರನ್ನು ಕಾಣಬೇಕು ಅಂದರೆ ಕರಾವಳಿಯವರು ರಾಜ್ಯದ ಬಹುತೇಕ ಜಿಲ್ಲೆಗಳವರಿಗಿಂತ ಅದೃಷ್ಟವಂತರು.

ಆದರೂ ಇಲ್ಲಿ ಒಂದೇ ವ್ಯಕ್ತಿ ಅದೇ ಮನೋರೋಗ ವಾರ್ಡಿಗೆ ಮತ್ತೆ ಮತ್ತೆ ಬಂದು ಸೇರುವುದು ತಪ್ಪಿಲ್ಲ. ಎರಡು ವಾರ ಇರುತ್ತಾರೆ, ಸುಧಾರಿಸುತ್ತಾರೆ, ಮಾತ್ರೆ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ಆರು ತಿಂಗಳೋ ವರ್ಷವೋ ಆದ ಮೇಲೆ ನಿದ್ದೆ ಇಲ್ಲ, ಊಟ ಇಲ್ಲ, ಯಾರೋ ವಿಷ ಹಾಕುತ್ತಾರೆ ಎಂಬ ಭಯ ಅಂತ ಮನೆಯವರು ಮತ್ತೆ ಕರೆತರುತ್ತಾರೆ. ಆಸ್ಪತ್ರೆ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಸಮಸ್ಯೆ ಇರುವುದು ಆ ಎರಡು ಭೇಟಿಗಳ ನಡುವಿನ ಕಾಲದಲ್ಲಿ. ಅಷ್ಟೂ ಕಾಲ ಈ ವ್ಯಕ್ತಿಯ ಹೊಣೆ ಯಾರದು? ಈಗ ಇರುವ ಉತ್ತರ ಒಂದೇ, ಅಮ್ಮನದ್ದು. ಅದು ಸಾಲದು ಎಂಬುದೇ ನನ್ನ ವಾದ.

ನಾನು ಹೇಳುತ್ತಿರುವುದು ಪರೀಕ್ಷೆಯ ಒತ್ತಡ, ಸಾಮಾನ್ಯ ಆತಂಕದ ಬಗ್ಗೆ ಅಲ್ಲ. ಇಲ್ಲದ ಧ್ವನಿ ಕೇಳಿಸುವ, ಅನುಮಾನ ಕಾಡುವ ಸ್ಕಿಝೋಫ್ರೇನಿಯಾ, ಅತಿ ಉತ್ಸಾಹವೂ ಖಿನ್ನತೆಯೂ ಸರದಿಯಲ್ಲಿ ಬರುವ ಬೈಪೋಲಾರ್, ಭ್ರಮೆಗಳ ಜೊತೆಗೆ ಬರುವ ತೀವ್ರ ಖಿನ್ನತೆ, ಇಂಥ ದೀರ್ಘಕಾಲದ ಕಾಯಿಲೆಗಳ ಬಗ್ಗೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 0.8 ಮಂದಿ ಆ ಹೊತ್ತಿಗೆ ತೀವ್ರ ಮಾನಸಿಕ ಕಾಯಿಲೆ ಅನುಭವಿಸುತ್ತಿದ್ದರು. 2011ರ ಜನಗಣತಿಯಲ್ಲಿ ನಮ್ಮ ಎರಡೂ ಜಿಲ್ಲೆಗಳ ಜನಸಂಖ್ಯೆ ಸೇರಿ 32 ಲಕ್ಷ ದಾಟಿತ್ತು. ಅದರಲ್ಲಿ ವಯಸ್ಕರು 23 ಲಕ್ಷ ಅಂತ ಹಿಡಿದರೂ ಅದೇ ಲೆಕ್ಕದಲ್ಲಿ ಸುಮಾರು 18 ಸಾವಿರ ಜನ ಆಗುತ್ತಾರೆ. ಇದು ಅಂದಾಜು ಮಾತ್ರ. ಆದರೆ ಪ್ರತಿ ಗ್ರಾಮ ಪಂಚಾಯತಿನಲ್ಲೂ ಇಂಥ ಹಲವು ಮನೆಗಳಿವೆ ಅಂತ ತಿಳಿಯಲು ಇಷ್ಟು ಸಾಕು. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳಿತು: ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಇರುವ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈಗ ಡಿಸ್ಚಾರ್ಜ್ ಆದವರ ವಿಷಯಕ್ಕೆ ಬರೋಣ. ಬೈಂದೂರು ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳಿ. ಮಗನಿಗೆ ಮೂವತ್ತೈದು, ಅಮ್ಮನಿಗೆ ಎಪ್ಪತ್ತರ ಹತ್ತಿರ. ಅಪ್ಪ ತೀರಿಕೊಂಡಿದ್ದಾರೆ. ಅಣ್ಣ ಮುಂಬೈಯಲ್ಲಿ, ತಂಗಿಗೆ ಮದುವೆಯಾಗಿ ಗಂಡನ ಜೊತೆ ದುಬೈಯಲ್ಲಿ. ಮಣಿಪಾಲ ಸುಮಾರು 70 ಕಿಲೋಮೀಟರ್ ದೂರ. ತಿಂಗಳಿಗೊಮ್ಮೆ ಹೋಗಿ ಬರುವುದು ಅಂದರೆ ಇಬ್ಬರ ಬಸ್ ಚಾರ್ಜು, ಹೊರಗಿನ ಊಟ, ಒಂದು ಪೂರ್ತಿ ದಿನ. 2023ರಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ ಆಯಿತು, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮಲ್ಲಿ ಒಳಊರುಗಳಿಗೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಅಮ್ಮನ ಟಿಕೆಟ್ ಕೂಡ ದುಡ್ಡು ಕೊಟ್ಟೇ ತೆಗೆಯಬೇಕು.

ಮಾತ್ರೆಯಿಂದ ಭ್ರಮೆ ಹೋಗುತ್ತದೆ, ಕಿವಿಯಲ್ಲಿ ಕೇಳುವ ಧ್ವನಿಗಳು ತಗ್ಗುತ್ತವೆ. ಅದರ ಜೊತೆ ತೂಕ ಏರುತ್ತದೆ, ಬೆಳಿಗ್ಗೆ ಮಂಪರು, ಕೆಲವರಿಗೆ ಕೈ ನಡುಗುತ್ತದೆ. "ಈಗ ಹುಷಾರಾಗಿದ್ದೇನಲ್ಲ, ಇನ್ನು ಯಾಕೆ ಮಾತ್ರೆ?" ಅಂತ ಅನಿಸುವುದು ಸಹಜ. ನಿಲ್ಲಿಸುತ್ತಾರೆ. ನಿಲ್ಲಿಸಿದ ವಾರದಲ್ಲೇ ಏನೂ ಆಗುವುದಿಲ್ಲ. ಮೋಸ ಇರುವುದೇ ಇಲ್ಲಿ. ಒಂದೆರಡು ತಿಂಗಳು ಇನ್ನೂ ಚುರುಕಾಗಿಯೇ ಕಾಣುತ್ತಾರೆ. ಮನೆಯವರಿಗೂ ಸಮಾಧಾನ ಆಗಿ, ಮಾತ್ರೆಯ ಮಾತೇ ಬಿಟ್ಟುಹೋಗುತ್ತದೆ. ಆಮೇಲೆ ಒಮ್ಮೆಲೇ ಎಲ್ಲವೂ ಕೈ ಮೀರುತ್ತದೆ. ದಿನಾ ಮಾತ್ರೆ ನುಂಗಲು ಆಗದವರಿಗೆ ಎರಡು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಕೊಡುವ ಇಂಜೆಕ್ಷನ್ ಇದೆ. ಬೇರೆ ಔಷಧಿಗೆ ಬಗ್ಗದ ಕಾಯಿಲೆಗೆ ಕ್ಲೋಝಪಿನ್ ಇದೆ, ಅದಕ್ಕೆ ಮೊದಲ ನಾಲ್ಕೈದು ತಿಂಗಳು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಎರಡನ್ನೂ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಬಹುದು. ನರ್ಸ್ ಒಬ್ಬರಿಗೆ ತರಬೇತಿ, ಒಂದು ರಿಜಿಸ್ಟರ್, ಆಸ್ಪತ್ರೆಯ ಡಾಕ್ಟರ ಜೊತೆ ಫೋನ್ ಸಂಪರ್ಕ ಇದ್ದರೆ ಆಯಿತು. ಅದಿಲ್ಲದೆ ಹೋದರೆ, ಮಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಸುಳ್ಯದವರಿಗೆ 80 ಕಿಲೋಮೀಟರ್‌ಗಿಂತ ಜಾಸ್ತಿ ದಾರಿ, ಅದೂ ಜುಲೈ ಮಳೆಯಲ್ಲಿ.

ಕಾಯಿಲೆಯ ಇನ್ನೊಂದು ಮುಖ ಮನೆಯವರಿಗೆ ಕಾಯಿಲೆ ಅಂತಲೇ ಕಾಣುವುದಿಲ್ಲ. ಸ್ಕಿಝೋಫ್ರೇನಿಯಾದಲ್ಲಿ ಕೂಗಾಟ, ಅನುಮಾನ ತಗ್ಗಿದ ಮೇಲೂ ಆಸಕ್ತಿ ಇಲ್ಲದಿರುವುದು, ಮಾತು ಕಡಿಮೆಯಾಗುವುದು, ಸ್ನಾನಕ್ಕೂ ಏಳದಿರುವುದು ಉಳಿದುಬಿಡುತ್ತವೆ. ಕೂಗಾಡಿದಾಗ "ಪಾಪ, ಕಾಯಿಲೆ" ಅಂದವರೇ ಈಗ "ತಿಂದುಂಡು ಮಲಗ್ತಾನೆ, ಸೋಮಾರಿ" ಅನ್ನುತ್ತಾರೆ. ಅಮ್ಮನೂ ಸುಸ್ತಾಗಿ ಬೈಯುತ್ತಾಳೆ. ಅವಳನ್ನು ದೂರುವುದು ಅನ್ಯಾಯ, ಅವಳಿಗೆ ಇದನ್ನು ಕೂತು ವಿವರಿಸಿದವರು ಯಾರು? ಮನೆಯಲ್ಲಿ ಟೀಕೆ, ಜಗಳ ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸುವುದೂ ಜಾಸ್ತಿ ಎಂಬುದು ಹಲವು ದಶಕಗಳ ಸಂಶೋಧನೆಯಿಂದ ಗೊತ್ತಿರುವ ವಿಷಯ. ಹಾಗಾಗಿ ಮನೆಯವರಿಗೆ ತಿಳಿ ಹೇಳುವುದೂ, ಅವರಿಗೆ ನಾಲ್ಕು ದಿನ ಬಿಡುವು ಕೊಡಿಸುವುದೂ ಚಿಕಿತ್ಸೆಯ ಭಾಗವೇ. ಹೊರರೋಗಿ ವಿಭಾಗದ ಗದ್ದಲದಲ್ಲಿ ಒಬ್ಬರಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ಅದು ಆಗುವ ಕೆಲಸವಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡುತ್ತಾರೆ, ದೈವಕ್ಕೆ ಹರಕೆ ಹೇಳುತ್ತಾರೆ, ಯಾರೋ ಮಾಟ ಮಾಡಿಸಿದ್ದಾರೆ ಅನ್ನುತ್ತಾರೆ. ಇದನ್ನು ಮೂಢನಂಬಿಕೆ ಅಂತ ಜರೆದು ಗೆದ್ದ ಡಾಕ್ಟರು ಕಡಿಮೆ. ಹರಕೆ ನಡೆಯಲಿ, ಮಾತ್ರೆಯೂ ನಡೆಯಲಿ ಅಂದವರು ಹೆಚ್ಚು ಜನರನ್ನು ಉಳಿಸಿಕೊಂಡಿದ್ದಾರೆ. ದೈವ ಮೈಮೇಲೆ ಬಂದು ನುಡಿ ಕೊಡುವ ಪಾತ್ರಿಯೇ "ಡಾಕ್ಟರ ಮದ್ದು ಬಿಡಬೇಡಿ" ಅಂದರೆ ಆ ಒಂದು ಮಾತಿಗೆ ಹತ್ತು ಜಾಗೃತಿ ಶಿಬಿರದ ಬಲ ಇರುತ್ತದೆ. ನಿಲ್ಲಿಸಲೇಬೇಕಾದದ್ದು ಹೊಡೆಯುವುದು, ಕಟ್ಟಿಹಾಕುವುದು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಇವತ್ತು ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದು ಕಾನೂನಿನಲ್ಲಿ ನಿಷಿದ್ಧ.

ಆ ಕಾನೂನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 18 ಮತ್ತು 19ನೇ ಸೆಕ್ಷನ್‌ಗಳನ್ನು ಪ್ರತಿಯೊಬ್ಬ ಶಾಸಕರೂ, ಪಂಚಾಯತ್ ಸದಸ್ಯರೂ ಓದಬೇಕು. ಆಸ್ಪತ್ರೆ ಚಿಕಿತ್ಸೆ ಮಾತ್ರವಲ್ಲ, ಆಸ್ಪತ್ರೆಯಿಂದ ಹೊರಬಂದವರು ಕೆಲವು ಕಾಲ ಇದ್ದು ಅಡುಗೆ, ಮಾತ್ರೆ, ಬಸ್ಸು, ದುಡ್ಡಿನ ಲೆಕ್ಕ ಮತ್ತೆ ರೂಢಿ ಮಾಡಿಕೊಳ್ಳುವ ಹಾಫ್‌ವೇ ಹೋಮ್, ನೆರವಿನ ವಸತಿ, ಮನೆಗೇ ಬಂದು ಕೊಡುವ ಪುನರ್ವಸತಿ ಸೇವೆ, ಇವೆಲ್ಲವನ್ನೂ ಸರ್ಕಾರ ಒದಗಿಸಬೇಕು ಅಂತ ಅಲ್ಲಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸೇವೆ ಉಚಿತ. ಇನ್ನೂ ಮುಖ್ಯವಾದದ್ದು: ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿ ಸರ್ಕಾರದ ಕಡೆಯಿಂದ ಸಿಗದಿದ್ದರೆ, ಅದೇ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಪಡೆಯುವ ಹಕ್ಕು ಕಾಯಿಲೆ ಇರುವ ಯಾರಿಗೇ ಆದರೂ ಇದೆ, ಚಿಕಿತ್ಸೆಯ ಖರ್ಚು ಸರ್ಕಾರದ್ದು. ಖಾಸಗಿ ಆಸ್ಪತ್ರೆಗಳೇ ತುಂಬಿರುವ ನಮ್ಮ ಜಿಲ್ಲೆಗಳಿಗೆ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ. ಜನರಿಗೆ ಹೀಗೊಂದು ಸಾಲು ಇದೆ ಅಂತ ಯಾರೂ ಹೇಳುವುದಿಲ್ಲ, ಅಷ್ಟೇ.

19ನೇ ಸೆಕ್ಷನ್ ಸಮಾಜದಲ್ಲಿ ಬದುಕುವ ಹಕ್ಕಿನದ್ದು. ಮನೆಯವರು ಇಲ್ಲ, ಸೇರಿಸಿಕೊಳ್ಳುತ್ತಿಲ್ಲ, ಹೊರಗೆ ಬೇರೆ ವ್ಯವಸ್ಥೆ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಮನೆಯಿಂದ ದೂಡಲ್ಪಟ್ಟವರಿಗೆ ತಮ್ಮ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕು ಚಲಾಯಿಸಲು ಸರ್ಕಾರ ಕಾನೂನು ನೆರವು ಕೊಡಬೇಕು. ತುಳುನಾಡಿನಲ್ಲಿ ಇದು ಬಹಳ ದೊಡ್ಡ ವಿಷಯ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಹಿಂದೆ ಹೆಣ್ಣುಮಗಳಿಗೆ ತಾಯಿಮನೆಯಲ್ಲಿ ಒಂದು ಜಾಗ ಇದ್ದೇ ಇತ್ತು. ಗಂಡನ ಮನೆಯವರು "ತಲೆ ಸರಿ ಇಲ್ಲ" ಅಂತ ವಾಪಸ್ ಕಳಿಸಿದರೂ ಒಂದು ಕೋಣೆ, ಒಂದು ಬಟ್ಟಲು ಗಂಜಿ ತಪ್ಪುತ್ತಿರಲಿಲ್ಲ. ಆಸ್ತಿ ಪಾಲಾಗಿ, ಹಳೆಯ ಮನೆ ಬೀಗ ಬಿದ್ದು, ಜಾಗಕ್ಕೆ ಬೆಲೆ ಏರಿದ ಮೇಲೆ ಮೊದಲು ಅಲುಗಾಡುವುದು ಇಂಥವರ ನೆಲೆ. ಪಾಲುಪತ್ರಕ್ಕೆ ಸಹಿ ಹಾಕಿಸಿಕೊಂಡು ಆಶ್ರಮಕ್ಕೆ ಬಿಟ್ಟು ಬರುವುದಕ್ಕೆ ಈ ಕಾಯ್ದೆ ಅಡ್ಡ ನಿಲ್ಲಬಲ್ಲದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಬರೆಸಲು ಜೊತೆಗೆ ಒಬ್ಬರು ಬೇಕು. ಆ ಒಬ್ಬರು ಇಲ್ಲ.

ಹಾಗಂತ ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಕರ್ನಾಟಕದಲ್ಲಿ, ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದ. 1996ರಲ್ಲಿ ಅದು ದೇಶದ ಕಾರ್ಯಕ್ರಮ ಆಯಿತು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಸ್ವಲ್ಪ ಸುಧಾರಿಸಿಕೊಂಡವರಿಗಾಗಿ ಹಗಲು ಹೊತ್ತಿನ ಕೇಂದ್ರ ನಡೆಸಲು ಸಂಸ್ಥೆಗಳಿಗೆ ಅನುದಾನ ಕೊಡುವ ಮಾನಸಧಾರ ಯೋಜನೆ ಇದೆ. ಮಣಿಪಾಲದ ಹೊಂಬೆಳಕು ಪುನರ್ವಸತಿಗೆಂದೇ ಇರುವ ಜಾಗ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ದಿಕ್ಕು ತೋಚದ ಅಮ್ಮನಿಗೆ ಅದು ನಿಜವಾದ ಆಸರೆ. ಆದರೆ ಫೋನು ಮನೆ ಬಾಗಿಲಿಗೆ ಬರುವುದಿಲ್ಲ. ಮಂಗಳವಾರದ ಕ್ಲಿನಿಕ್ ಕೂಡ ಬಂದವರನ್ನು ನೋಡುತ್ತದೆ. ಹೆಚ್ಚು ಅಪಾಯದಲ್ಲಿ ಇರುವವರು ಬಾರದೆ ಉಳಿದವರು.

ದಾನ ಧರ್ಮದ ಸಂಸ್ಥೆಗಳು ಇಲ್ಲಿ ಹೊತ್ತಿರುವ ಭಾರ ದೊಡ್ಡದು. ಮಂಗಳೂರಿನ ವೈಟ್ ಡವ್ಸ್, ಗಡಿಯಾಚೆ ಮಂಜೇಶ್ವರದ ಸ್ನೇಹಾಲಯ, ಇನ್ನೂ ಕೆಲವು ಆಶ್ರಮಗಳು ಬೀದಿಯಲ್ಲಿ ಅಲೆಯುವವರನ್ನು ಎತ್ತಿ ತಂದು, ಮೀಯಿಸಿ, ಮದ್ದು ಕೊಡಿಸಿವೆ. ಕೊಂಕಣ ರೈಲು ಬಂದ ಮೇಲೆ ದೂರದ ರಾಜ್ಯಗಳವರೂ ದಿಕ್ಕು ತಪ್ಪಿ ಇಲ್ಲಿ ಬಂದು ಇಳಿಯುತ್ತಾರೆ. ಚಿಕಿತ್ಸೆ ಸಿಕ್ಕಿ ಎಚ್ಚರಾದಾಗ ಊರಿನ ಹೆಸರು ಹೇಳುತ್ತಾರೆ. ಮುಂಬೈ ಹತ್ತಿರದ ಕರ್ಜತ್‌ನಲ್ಲಿ ಡಾ. ಭರತ್ ವಾಟ್ವಾನಿ ಅವರ ಶ್ರದ್ಧಾ ಸಂಸ್ಥೆ ಇಂಥವರನ್ನು ಊರಿಗೆ ತಲುಪಿಸುವ ಕೆಲಸವನ್ನೇ ಮಾಡಿಕೊಂಡು ಬಂದಿದೆ, ಅದಕ್ಕೆ 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೀಗೆ ಅಲೆಯುವವರನ್ನು ಕಂಡಾಗ ರಕ್ಷಣೆ ಕೊಟ್ಟು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ, ಕಾಯ್ದೆಯ 100ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಇಷ್ಟೆಲ್ಲ ಸರಿ. ಆದರೆ ದಾನಿಗಳು ನಡೆಸುವ ಆಶ್ರಮ ಸರ್ಕಾರದ ಹೊಣೆಗೆ ಬದಲಿ ಆಗಬಾರದು. ಹೆತ್ತವರು ತೀರಿದ ಮೇಲೆ ನಮ್ಮ ಊರಿನವರೇ ಒಬ್ಬರು ಉಳಿದ ಮೂವತ್ತು ವರ್ಷ ದೊಡ್ಡ ಹಾಲಿನ ಒಂದು ಮಂಚದಲ್ಲಿ ಕಳೆಯುವುದನ್ನು ನಾವು ಪುನರ್ವಸತಿ ಅನ್ನಲು ಆಗುವುದಿಲ್ಲ.

ಬೇರೆ ದಾರಿ ಇದೆ, ಅದೂ ಘಟ್ಟ ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿ. ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ತಂಡ 2005ರಿಂದ ಹಳ್ಳಿಹಳ್ಳಿಯಲ್ಲಿ ಸ್ಕಿಝೋಫ್ರೇನಿಯಾ ಇರುವವರನ್ನು ಹುಡುಕಿ, ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ಹಿಂಬಾಲಿಸಿತು. ಚಿಕಿತ್ಸೆ ನಿಲ್ಲಿಸದೆ ಮುಂದುವರಿಸಿದವರ ದಿನನಿತ್ಯದ ಬದುಕು ಸುಧಾರಿಸಿತು. ಎಷ್ಟೋ ವರ್ಷ ಮದ್ದೇ ಕಾಣದೆ ಉಳಿದವರಿಗೂ ಇದರಿಂದ ಪ್ರಯೋಜನ ಆಯಿತು. ಆಗುಂಬೆಯ ಆಚೆ ಆಗುವುದು ಹೆಬ್ರಿಯಲ್ಲಿ ಯಾಕೆ ಆಗಬಾರದು?

ತಮಿಳುನಾಡು, ಗೋವಾ, ಮಹಾರಾಷ್ಟ್ರದ ಸತಾರಾದಲ್ಲಿ ಸ್ಕಿಝೋಫ್ರೇನಿಯಾ ಇರುವ 282 ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವರಿಗೆ ಆಸ್ಪತ್ರೆ ಚಿಕಿತ್ಸೆ ಮಾತ್ರ. ಉಳಿದವರಿಗೆ ಅದರ ಜೊತೆಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ಮಾತಾಡುವುದು, ಮಾತ್ರೆ ನೆನಪಿಸುವುದು, ಕೆಲಸಕ್ಕೆ ಹಚ್ಚುವುದು. ಎರಡನೇ ಗುಂಪಿನವರ ಸ್ಥಿತಿ ಹೆಚ್ಚು ಸುಧಾರಿಸಿತು. ಪವಾಡ ಏನೂ ಆಗಲಿಲ್ಲ, ವ್ಯತ್ಯಾಸ ಸಾಧಾರಣವೇ. ಅಷ್ಟನ್ನೇ ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಆ ಸಾಧಾರಣ ವ್ಯತ್ಯಾಸ ಅಂದರೆ ಒಬ್ಬ ತಾನಾಗಿ ಸ್ನಾನ ಮಾಡುವುದು, ಅಂಗಡಿಗೆ ಹೋಗಿ ಬರುವುದು. ಅಂಥ ಮನೆಯಲ್ಲಿ ಇದ್ದವರಿಗೆ ಅದರ ಬೆಲೆ ಗೊತ್ತು. ಮನೆಯೇ ಇಲ್ಲದವರಿಗಾಗಿ ಚೆನ್ನೈನ ಬ್ಯಾನ್ಯನ್ ಸಂಸ್ಥೆ 2015ರಿಂದ ಇನ್ನೊಂದು ಕೆಲಸ ಮಾಡುತ್ತಿದೆ. ಮಾಮೂಲಿ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು, ನಾಲ್ಕೈದು ಜನ ಒಟ್ಟಿಗೆ ಇರುತ್ತಾರೆ. ತಾವೇ ಅಡುಗೆ ಮಾಡುತ್ತಾರೆ, ನೆರವಿಗೆ ಒಬ್ಬ ಕಾರ್ಯಕರ್ತೆ. ಕರಾವಳಿಯಲ್ಲಿ ಬೀಗ ಹಾಕಿದ ಮನೆಗಳಿಗೆ ಕೊರತೆ ಇಲ್ಲ ಅಲ್ವಾ? ಬಾಡಿಗೆಗೆ ಕೊಡುವ ಮನಸ್ಸು ಬೇಕು, ಅಕ್ಕಪಕ್ಕದವರು ತಕರಾರು ತೆಗೆದಾಗ ಜೊತೆಗೆ ನಿಲ್ಲುವ ಪಂಚಾಯತ್ ಬೇಕು.

ಕೆಲಸದ ವಿಷಯದಲ್ಲಿ ನಮ್ಮ ಊರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ಮನೆಯಲ್ಲೇ ಕೂತು, ತಮ್ಮ ವೇಗದಲ್ಲಿ ಮಾಡುವ ದುಡಿಮೆ ಇಲ್ಲಿ ಮೊದಲಿಂದಲೂ ಇದೆ. ಅಡಿಕೆ ಸುಲಿಯುವುದು, ಶಂಕರಪುರದ ಕಡೆ ಮಲ್ಲಿಗೆ ಕಟ್ಟುವುದು, ಬೀಡಿ ಕಟ್ಟುವುದು. ಬೀಡಿಯನ್ನು ನಾನು ಶಿಫಾರಸು ಮಾಡುವುದಿಲ್ಲ, ಹೊಗೆಸೊಪ್ಪಿನ ಧೂಳಿನ ಕೆಲಸ ಅದು. ಆದರೆ ಮಾತು ಕಡಿಮೆ ಇರುವ ಎಷ್ಟೋ ಹೆಂಗಸರು ಬೀಡಿ ಕಟ್ಟಿ ತಮ್ಮ ಕೈಖರ್ಚಿಗೆ ದುಡಿದು, ಮನೆಯಲ್ಲಿ ಒಂದು ಗೌರವ ಉಳಿಸಿಕೊಂಡಿದ್ದಾರೆ. ಮಲ್ಲಿಗೆಯಲ್ಲಿ ಒಂದು ತೊಡಕು: ಮೊಗ್ಗು ಕೊಯ್ಯುವುದು ನಸುಕಿನಲ್ಲಿ, ರಾತ್ರಿ ಮಾತ್ರೆಯ ಮಂಪರು ಇಳಿಯುವುದು ತಡವಾಗಿ. ಡಾಕ್ಟರಿಗೆ ಇದು ಗೊತ್ತಿದ್ದರೆ ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಬಹುದು, ಬೇರೆ ಮದ್ದು ನೋಡಬಹುದು. ಅಥವಾ ಕೊಯ್ಯುವುದು ಮನೆಯವರಿಗೆ, ಕಟ್ಟುವುದು ಇವರಿಗೆ. ಇಂಥ ಸಣ್ಣ ಹೊಂದಾಣಿಕೆ ಮಾಡಿಸಲು ಮನೆಯನ್ನು ಕಂಡು ಬಂದವರು ಬೇಕು. ಡೇ ಕೇರ್ ಅಂದರೆ ಎಲ್ಲೆಡೆ ಮೇಣದ ಬತ್ತಿ, ಪೇಪರ್ ಕವರ್ ಅಂತ ಇಟ್ಟುಕೊಳ್ಳುವುದಕ್ಕಿಂತ ಊರಿನ ಮಾರುಕಟ್ಟೆಗೆ ಹೋಗುವ ಕೆಲಸ ಕಲಿಸುವುದು ಒಳ್ಳೆಯದು. ಸಂಜೀವಿನಿ ಸ್ವಸಹಾಯ ಗುಂಪುಗಳಲ್ಲಿ ಇವರಿಗೂ ಒಂದೊಂದು ಜಾಗ ಇರಲಿ.

ದೇಹದ ಆರೋಗ್ಯವನ್ನು ಮರೆಯುವಂತಿಲ್ಲ. ಸ್ಕಿಝೋಫ್ರೇನಿಯಾ ಇರುವವರು ಬೇಗ ಸಾಯುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೃದಯದ ಕಾಯಿಲೆ, ಶುಗರ್, ಸೋಂಕು ಮುಖ್ಯ ಕಾರಣ. ಎದೆನೋವು ಅಂದರೂ "ಇವನದ್ದು ಯಾವಾಗಲೂ ಹೀಗೆ" ಅಂತ ಬಿಟ್ಟುಬಿಡುತ್ತಾರೆ. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ವಿಚಾರಿಸುವ ಪಟ್ಟಿಯಲ್ಲಿ ಇವರ ಹೆಸರು ಮೊದಲು ಇರಬೇಕು.

ಇನ್ನು ದುಡ್ಡು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ. 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕಿದರೆ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್, ಪಿಂಚಣಿಯ ದಾರಿ ತೆರೆಯುತ್ತದೆ. ಅಳೆಯಲು ಐಡಿಯಾಸ್ ಎಂಬ ಪಟ್ಟಿ ಇದೆ: ತನ್ನ ಆರೈಕೆ, ಜನರ ಜೊತೆ ಬೆರೆಯುವುದು, ಮಾತುಕತೆ, ಕೆಲಸ, ಜೊತೆಗೆ ಎಷ್ಟು ವರ್ಷದಿಂದ ಕಾಯಿಲೆ ಎಂಬುದು. ತಪಾಸಣೆಯ ದಿನ ಶುಭ್ರ ಅಂಗಿ ಹಾಕಿ, ತಲೆ ಬಾಚಿ ಕರೆದುಕೊಂಡು ಹೋಗುತ್ತಾರೆ ಅಮ್ಮ. ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಅಮ್ಮಂದಿರಿಗೆ ನನ್ನ ಸಲಹೆ ಇಷ್ಟು: ಹಿಂದಿನ ಎಲ್ಲ ಡಿಸ್ಚಾರ್ಜ್ ಚೀಟಿಗಳನ್ನು ಒಯ್ಯಿರಿ, ಮನೆಯಲ್ಲಿ ದಿನಾ ಏನೇನಕ್ಕೆ ಹೇಳಬೇಕಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ.

"ನಾವು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು ಡಾಕ್ಟ್ರೇ?" ಎಂಬ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆ ಮಾಡಿದೆ, ವಿಮೆ ಕೊಟ್ಟಿದೆ. ಮಾನಸಿಕ ಕಾಯಿಲೆ ಅದರಲ್ಲಿ ಸೇರಿಲ್ಲ. ಇದು ದೊಡ್ಡ ಲೋಪ, ಸಂಸತ್ತಿನಲ್ಲೇ ಸರಿಯಾಗಬೇಕು. ಅಲ್ಲಿಯ ತನಕ ಹೆತ್ತವರು ಗಟ್ಟಿ ಇರುವಾಗಲೇ ವಿಲ್ ಬರೆಯುವುದು, ಮನೆಯಲ್ಲಿ ವಾಸದ ಹಕ್ಕನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸುವುದು ಒಳ್ಳೆಯದು. ಮಗನೋ ಮಗಳೋ ಹುಷಾರಾಗಿರುವಾಗ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು, 2017ರ ಕಾಯ್ದೆಯ 14ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಸಾದಾ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಸಾಕು.

ಹಾಗಾದರೆ ಮನೆಮನೆಗೆ ಹೋಗುವ ಜನ ಎಲ್ಲಿಂದ ಬರಬೇಕು? ನಮ್ಮಲ್ಲಿ ಇದ್ದಾರೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜ ಕಾರ್ಯ ಕಲಿಸುತ್ತಿದೆ. ಎರಡೂ ಜಿಲ್ಲೆಗಳಲ್ಲಿ ನರ್ಸಿಂಗ್ ಕಾಲೇಜುಗಳು ಸಾಕಷ್ಟಿವೆ. ಮೆಡಿಕಲ್ ಕಾಲೇಜುಗಳಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳಿವೆ, ಎಂಬಿಬಿಎಸ್ ಮಕ್ಕಳು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡುವುದು ಈಗ ಪಠ್ಯದ ಭಾಗ. ದಕ್ಷಿಣ ಕನ್ನಡದಲ್ಲಿ ಒಂಬತ್ತು ತಾಲೂಕು, ಎಂಟು ಕಾಲೇಜು. ಉಡುಪಿಯಲ್ಲಿ ಏಳು ತಾಲೂಕು. ಒಂದೊಂದು ಕಾಲೇಜಿಗೆ ಒಂದೊಂದು ತಾಲೂಕನ್ನು ಒಪ್ಪಂದ ಮಾಡಿ ಹಂಚಬಹುದು. ಉಳಿದ ತಾಲೂಕುಗಳನ್ನು ಜಿಲ್ಲಾ ಕಾರ್ಯಕ್ರಮದ ತಂಡ ನೋಡಲಿ. ವಿದ್ಯಾರ್ಥಿಗಳು ಬದಲಾಗುತ್ತಾರೆ, ಆದ್ದರಿಂದ ಪ್ರತಿ ತಾಲೂಕಿಗೂ ಸಂಬಳದ ಮೇಲೆ ಒಬ್ಬ ಸಮಾಜ ಕಾರ್ಯಕರ್ತೆ, ಒಬ್ಬ ನರ್ಸ್ ಖಾಯಂ ಬೇಕು. ಅವರ ಮೊದಲ ಕೆಲಸ ಬುಧವಾರ ಬೆಳಿಗ್ಗೆ ಶುರುವಾಗಲಿ: ಹಿಂದಿನ ದಿನದ ಕ್ಲಿನಿಕ್ಕಿಗೆ ಬರಬೇಕಾಗಿದ್ದು ಬಾರದವರ ಪಟ್ಟಿ ಮಾಡಿ ಫೋನ್ ಮಾಡುವುದು, ಫೋನ್ ಎತ್ತದವರ ಮನೆಗೆ ಅದೇ ವಾರ ಹೋಗುವುದು. ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಕಾಲೇಜುಗಳ ಮನೋವೈದ್ಯ ವಿಭಾಗದವರು ಒಟ್ಟಿಗೆ ಕೂತರೆ ಇದನ್ನು ಈ ವರ್ಷವೇ ಒಂದು ತಾಲೂಕಿನಲ್ಲಿ ಆರಂಭಿಸಬಹುದು. ಬೈಂದೂರಿನಿಂದಲೋ ಸುಳ್ಯದಿಂದಲೋ ಶುರು ಮಾಡಲಿ, ಜಿಲ್ಲಾ ಕೇಂದ್ರಕ್ಕೆ ದೂರ ಜಾಸ್ತಿ ಇರುವುದು ಅಲ್ಲಿಯವರಿಗೇ.